ಕಣ್ಣಿಗೆ ಕಂಡರೂ ಕಂಪ್ಯೂಟರಿಗೆ ಸಿಗದ ಗ್ರೀಕ್ ಪದ

ಗೆಳೆಯರೇ, ಗ್ರೀಕ್ ನಾಟಕದ ಬಗ್ಗೆ ತಂಗಿ ಗಿರಿಜೆ ಬರೆದ ಪಿಎಚ್‌.ಡಿ. ಪ್ರಬಂಧಕ್ಕೆ ಸಹಿ ಹಾಕಿಸಲು ಇಂದು ಯಾದವಗಿರಿಯ ಗೈಡ್ ಮೇಷ್ಟ್ರ ಮನೆಗೆ ಹೋಗಿದ್ದೆವು. ಮೇಷ್ಟ್ರು ಲ್ಯಾಪ್‌ಟಾಪಿನಲ್ಲಿ μῦθος (ಮೂಥೋಸ್, ಅಂದರೆ ಕಥಾವಸ್ತು) ಎಂದು ಟೈಪಿಸಿ ಪ್ರಬಂಧದ ಫೈಲಿನಲ್ಲಿ ಹುಡುಕಿದರು. ಒಂದೂ ಸಿಗಲಿಲ್ಲ.

"ಮುಖ್ಯ ಪದಾನೇ ಇಲ್ವಲ್ಲಮ್ಮ, ಹೆಂಗೆ ಸಹಿ ಹಾಕ್ಲಿ?"

ತಂಗಿ ಪರದೆ ತೋರಿಸಿದಳು. "ಸಾರ್, ನಿಮ್ಮ ಕಣ್ಮುಂದೇನೇ ಇದೆಯಲ್ಲಾ!"

ಪ್ರಬಂಧ ಟೈಪ್ ಮಾಡಿಕೊಟ್ಟಿದ್ದ ಡಿಟಿಪಿ ರಾಜಣ್ಣನಿಗೆ ನಾನು ಫೋನ್ ಮಾಡಿದೆ. ಅವನೆಂದ, "ನಾನು ಅಕ್ಷರ ಬೇರೆ, ತಲೆ ಮೇಲಿನ ಗುರುತು ಬೇರೆ ಟೈಪ್ ಮಾಡಿದೀನಿ ಕಣ್ರೀ. ಮೇಷ್ಟ್ರುದು ಎರಡೂ ಸೇರಿರೋ ಒಂದೇ ಅಕ್ಷರ. ನೋಡೋಕೆ ಒಂದೇ ಥರ, ಕಂಪ್ಯೂಟರ್‌ಗೆ ಬೇರೆಬೇರೆ. ಪ್ರಬಂಧದಿಂದಲೇ ಕಾಪಿ ಮಾಡಿ ಹುಡುಕಿ."

ಹಾಗೇ ಹುಡುಕಿದೆ. ಸಿಕ್ಕ ಪದಗಳ ಗುರುತಿನಿಂದ ಪುಟಪುಟವೂ ಹಳದಿಯಾಯಿತು.

ಮೇಷ್ಟ್ರು ಕನ್ನಡಕ ತೆಗೆದರು. "ಅಯ್ಯೋ, ಇಷ್ಟೊಂದ್ಸಲ ಬರ್ದಿದ್ದೀಯೇನಮ್ಮ? ಅರ್ಧ ತೆಗೆದ್ಬುಡು, ಆಮೇಲೆ ಸಹಿ ಹಾಕ್ತೀನಿ."

ಪದ ಹುಡುಕಿಕೊಟ್ಟ ಈ ಅಣ್ಣನ ಮೇಲೆ ತಂಗಿ ಮನೆ ಸೇರುವವರೆಗೂ ರೇಗಾಡಿದಳು.