ಕೆಂಪು ಬಳಿದ ರಕ್ತನಾಳ

ಕಳೆದ ತಿಂಗಳು ಒಂದು ಮಂಗಳವಾರ, ಮಧ್ಯಾಹ್ನ ನಾಲ್ಕು ಗಂಟೆಗೆ, ನನ್ನ ಕುಕ್ಕರ್ ಮನೆಯ ಹೊರಗೆ ಕೂಗಿತು.

ನೀವು ತಪ್ಪಾಗಿ ಓದಿಲ್ಲ. ಹೊರಗೆ. ಬಾಗಿಲಿನ ಆಚೆ, ಮೂರನೆಯ ಮಾಳಿಗೆಯ ಮೆಟ್ಟಿಲ ಕಡೆಯಿಂದ. ಬೇರೆ ಯಾರದೋ ಕುಕ್ಕರ್ ಇರಬಹುದೆಂದು ನೀವು ಹೇಳುವ ಮೊದಲೇ ತಿಳಿಸುತ್ತೇನೆ: ನನ್ನ ಕುಕ್ಕರಿನ ಸೀಟಿಯಂಥ ಸೀಟಿ ಮುಂಬೈಯ ಈ ಪರೇಲ್‌ನಲ್ಲಿ ಇನ್ನೊಂದಿಲ್ಲ. ಅದು ಮೊದಲು ಕೆಮ್ಮುತ್ತದೆ, ಅರ್ಧ ಕೂಗುತ್ತದೆ, ನಿಲ್ಲುತ್ತದೆ, ಆಮೇಲೆ ಉಳಿದರ್ಧವನ್ನು ಮುಗಿಸುತ್ತದೆ. (ಬೈಕುಲ್ಲಾದ ರಿಪೇರಿಯವನು ಬೇರೆ ಯಾವುದೋ ಕುಕ್ಕರಿನ ಸೀಟಿಯನ್ನು ಇದಕ್ಕೆ ಸಿಕ್ಕಿಸಿ ಕಳಿಸಿದ್ದ. ಅವನ ಅಂಗಡಿಯ ಮುಂದೆ ನಾನು ಹಾಯದೆ ಒಂಬತ್ತು ವರ್ಷವಾಯಿತು.)

ಎದ್ದು ಅಡುಗೆಮನೆಗೆ ಹೋದೆ. ಕುಕ್ಕರ್ ತೊಳೆದು ಬೋರಲು ಹಾಕಿದ ಜಾಗದಲ್ಲಿಯೇ ಇತ್ತು. ಮುಟ್ಟಿದೆ. ತಣ್ಣಗಿತ್ತು.

ಹೊರಗೆ ಅದು ಇನ್ನೊಮ್ಮೆ ಕೂಗಿತು.

ಅದರ ಹಿಂದೆಯೇ ಒಬ್ಬ ಹುಡುಗಿಯ ದನಿ: "ಹೃದಯದಾಗ ಖೋಲಿ ಎಷ್ಟ?" ಆಮೇಲೆ ಸ್ಟೀಲಿನ ಮೇಲೆ ಏನನ್ನೋ ಬಡಿದ ಸದ್ದು. ಟಕ್. ಟಕ್. ಟಕ್. ಟಕ್. ಟಕ್. ಸರಿಯಾಗಿ ಐದು. ಅಷ್ಟರೊಳಗೆ ಇಬ್ಬರು ಒಟ್ಟಿಗೆ "ನಾಲ್ಕು" ಎಂದರು. "ನಾಲ್ಕು. ಶಾಬಾಸ್!" ಎಂದಿತು ಮೊದಲಿನ ದನಿ.

ಬಾಗಿಲ ಕಿಂಡಿಗೆ ಕಣ್ಣಿಟ್ಟೆ. ಮೆಟ್ಟಿಲ ಮೇಲೆ ಇಬ್ಬರು ಹುಡುಗಿಯರು. ಚಪ್ಪಲಿ ಎಣಿಸಿದೆ. (ನನ್ನ ಡೋರ್‌ಮ್ಯಾಟ್ ಯಾರ ಕಾಲಿನಿಂದ ಹಾಳಾಗುತ್ತಿದೆ ಎಂದು ನನಗೆ ತಿಳಿದಿರಬೇಕಲ್ಲವೇ?) ಎರಡು ಜೊತೆ. ಕೇಳಿದ ದನಿಗಳು ಮೂರು.

ಆಗ ನಾಲ್ಕನೆಯದು ಕೇಳಿಸಿತು. "ಯಾರದು ಅಲ್ಲಿ? ಮೆಟ್ಟಿಲು ಕೂರಲಿಕ್ಕೆ ಇರುವುದಲ್ಲ ಎಂದು ಎಷ್ಟು ಸಲ ಹೇಳಬೇಕು ನಿಮಗೆ?"

ಅದು ನನ್ನ ದನಿ.

ನಾನು ಬಾಯಿ ಮುಚ್ಚಿಕೊಂಡು ಬಾಗಿಲ ಈಚೆ ನಿಂತಿದ್ದೆ. ಮೂವತ್ತೊಂದು ವರ್ಷ ಜೀವಶಾಸ್ತ್ರ ಕಲಿಸಿದವಳು ನಾನು. ದೆವ್ವಭೂತಗಳಿಗೆ ನನ್ನ ತರಗತಿಯಲ್ಲಿ ಬೆಂಚು ಇರಲಿಲ್ಲ. ಆದರೂ ಚಿಲಕದ ಮೇಲೆ ಹೋದ ಕೈ ಅಲ್ಲಿಯೇ ನಿಂತಿತು. ಮಾತಾಡಿದ್ದು ನಾನೋ ಅಲ್ಲವೋ ಎಂದು ನೀವು ಎಂದಾದರೂ ನಿಮ್ಮ ಗಂಟಲನ್ನು ಮುಟ್ಟಿ ನೋಡಿಕೊಂಡಿದ್ದೀರಾ? ನಾನು ನೋಡಿಕೊಂಡೆ.

ಬಾಗಿಲು ತೆರೆದೆ.

ಒಬ್ಬಳು ಭಾಗ್ಯಶ್ರೀ, ಎರಡನೆಯ ಮಾಳಿಗೆಯ, ಗಾರೆ ಕೆಲಸದ ಗೌಂಡಿಯ ಮಗಳು, ವಿಜಯಪುರದ ಕಡೆಯವರು. ಇನ್ನೊಬ್ಬಳು ಹಿಂದಿನ ಸಾಲುಮನೆಗಳ ಚಾಳಿನ ಟೇಲರ್‌ನ ಮಗಳು ಶಬಾನಾ. ಮಡಿಲಲ್ಲಿ ಬ್ಲೌಸುಗಳ ರಾಶಿ ಇಟ್ಟುಕೊಂಡು ಹುಕ್ಕು ಹೊಲಿಯುತ್ತಿದ್ದಳು. ಇಬ್ಬರೂ ಒಂಬತ್ತನೆಯ ತರಗತಿ. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ಆ ಜಾಗದಲ್ಲಿ ಒಂದು ಫೋನ್ ಇತ್ತು.

"ಇಲ್ಲಿ ಇನ್ನು ಯಾರಿದ್ದಾರೆ?"

"ಯಾರೂ ಇಲ್ರೀ ಅಕ್ಕೋರ. ನಾವಿಬ್ಬರ" ಎಂದಳು ಭಾಗ್ಯಶ್ರೀ. (ಅವರ ಕಡೆ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ.)

"ಪ್ರಶ್ನೆ ಕೇಳಿದ್ದು ಯಾರು?"

ಇಬ್ಬರೂ ಮುಖ ನೋಡಿಕೊಂಡರು. ಶಬಾನಾ ಸೂಜಿಯಿಂದ ಕಣ್ಣೆತ್ತದೆ ಹೇಳಿದಳು: "ರೇಣು."

ರೇಣುಕಾ ನಮ್ಮ ಬಿಲ್ಡಿಂಗಿನ ವಾಚ್‌ಮನ್ನನ ಮಗಳು. ದೀಪಾವಳಿ ಕಳೆದ ಮೇಲೆ ಡೆಂಗಿಯಲ್ಲಿ ತೀರಿಕೊಂಡಳು. ನಾಲ್ಕೇ ದಿನದ ಜ್ವರ. ವಾರದೊಳಗೆ ತಂದೆತಾಯಿ ಗಂಟುಮೂಟೆ ಕಟ್ಟಿ ಯಾದಗಿರಿ ಕಡೆಯ ತಮ್ಮ ಊರಿಗೆ ಹೋದರು. ನನಗೆ ಯಾರೂ ಮೇಲೆ ಬಂದು ತಿಳಿಸಲಿಲ್ಲ. ತಿಳಿಸದ ಮನೆಗೆ ನಾನು ಇಳಿದುಹೋಗುವವಳಲ್ಲ. ಹೋಗಲಿಲ್ಲ.

ಭಾಗ್ಯಶ್ರೀ ಫೋನ್ ಎತ್ತಿ ತೋರಿಸಿದಳು. "ವಾಯ್ಸ್ ನೋಟ್ ಅದಾವ್ರೀ. ಶಬಾನಾಗ ಓದಿದ್ರ ತಲಿಯಾಗ ಇಳಿಯಂಗಿಲ್ಲ, ಕೇಳಿದ್ರ ಇಳೀತದ. ಕೈಯಾಗ ಹುಕ್ಕಿನ ಕೆಲಸ ಇರ್ತದ, ಕಿವಿ ಖಾಲಿ ಇರ್ತಾವ. ಅದಕ್ಕ ರೇಣು ನವರಾತ್ರಿ ಸೂಟಿಯಾಗ ಇಡೀ ಬಯಾಲಜಿ ರೆಕಾರ್ಡ್ ಮಾಡಿ ನಮ್ಮ ಗ್ರೂಪಿಗೆ ಹಾಕ್ಯಾಳ. ಇಲ್ಲೇ ಕುಂತು ಮಾಡ್ಯಾಳ. ಕೆಳಗ ಖೋಲಿಯಾಗ ಗದ್ದಲ ಇರ್ತಿತ್ತಲ್ರೀ."

"ಸವಾಲ್ ಕೇಳ್ತಾಳ, ಡಬ್ಬಿ ಮ್ಯಾಲೆ ಪೆನ್ ಐದ್ ಸಲ ಬಡೀತಾಳ. ಅಷ್ಟರಾಗ ನಾವು ಹೇಳ್ಬೇಕು" ಎಂದಳು ಶಬಾನಾ. "ಫಿರ್ ಜವಾಬ್ ಆಕೀನೇ ಹೇಳ್ತಾಳ."

ಕೇಳುತ್ತಾಳಂತೆ. ಬಡಿಯುತ್ತಾಳಂತೆ. 'ಕೇಳುತ್ತಿದ್ದಳು' ಎಂದು ತಿದ್ದಲು ಬಾಯಿ ತೆರೆದೆ. ತಿದ್ದಲಿಲ್ಲ.

ಹಾಗಾಗಿ, ಆ ದನಿಯ ಹಿಂದೆ ನನ್ನ ಮನೆಯೂ ಇತ್ತು. ನವರಾತ್ರಿಯ ನನ್ನ ಕುಕ್ಕರ್, ನನ್ನ ಗದರಿಕೆ, ಎಲ್ಲವೂ. ನಾಲ್ಕು ತಿಂಗಳಿಂದ ಈ ಮಕ್ಕಳು ನನ್ನ ಮನೆಯ ಸದ್ದನ್ನು ಪಾಠದ ಜೊತೆ ಕೇಳುತ್ತ ಬಂದಿದ್ದಾರೆ. ನಾನೊಬ್ಬಳಿಗೆ ಗೊತ್ತಿರಲಿಲ್ಲ.

ಪರೀಕ್ಷೆ ಮುಂದಿನ ಸೋಮವಾರ. ಶಬಾನಾಳ ತಂದೆ ಹೇಳಿಬಿಟ್ಟಿದ್ದಾನೆ: ಈ ವರ್ಷ ಫೇಲ್ ಆದರೆ ಶಾಲೆ ಬಂದ್, ಮಶೀನಿಗೆ ಕೂತುಬಿಡು. ಗಣಿತ ಅವಳಿಗೆ ಆಗದು. ಕೈಹಿಡಿದರೆ ಬಯಾಲಜಿಯೊಂದೇ ಹಿಡಿಯಬೇಕು.

ಇಷ್ಟು ಕೇಳಿದ ಮೇಲೆ ನನಗೆ ಸಿಟ್ಟು ಬಂತು, ಬರಬೇಕಾದದ್ದೇ. ಬಾಗಿಲಿನ ಆಚೆ ಬಯಾಲಜಿಗೆ ಒದ್ದಾಟ, ಬಾಗಿಲಿನ ಈಚೆ ಬಯಾಲಜಿಯ ನಿವೃತ್ತ ಶಿಕ್ಷಕಿ. "ನನ್ನನ್ನು ಯಾಕೆ ಕೇಳಲಿಲ್ಲ ನೀವು?" ಎಂದೆ.

"ರೇಣು ಕೇಳಿದ್ಲಲ್ರೀ" ಎಂದಳು ಭಾಗ್ಯಶ್ರೀ, ಆಶ್ಚರ್ಯದಿಂದ. "ಇದರಾಗ ಅದ. ಕೇಳ್ರಿ ಬೇಕಾರ."

ಬೆರಳು ಒತ್ತಿದಳು.

ಮೊದಲು ನನ್ನ ಜಾಲರಿ ಬಾಗಿಲು ಬಡಿದ ಸದ್ದು. ಆಮೇಲೆ ರೇಣುಕಾ: "ಅಕ್ಕೋರ, ಒಂದ್ ಡೌಟ್ ಅದರಿ. ಎಲ್ಲಾ ಆರ್ಟರಿ ಒಳಗೂ ಚಲೋ ರಕ್ತ ಹರೀತದ ಅಂತ ಬರ್ದಾರ, ಚಿತ್ರದಾಗ ಒಂದ್ ಆರ್ಟರಿಗೆ ನೀಲಿ ಹಚ್ಯಾರ. ತಪ್ಪ ಛಾಪಿಸ್ಯಾರೇನ್ರೀ?"

ಆಮೇಲೆ ನಾನು: "ಹೌದು. ಛಾಪಿನ ತಪ್ಪು. ಎಲ್ಲ ಆರ್ಟರಿಯಲ್ಲೂ ಶುದ್ಧ ರಕ್ತವೇ. ಹೋಗು ಈಗ."

ಬಾಗಿಲು ಮುಚ್ಚಿದ ಸದ್ದು. ಮೆಟ್ಟಿಲ ಮೇಲೆ ಕೂತ ಸದ್ದು. ಮತ್ತೆ ಅವಳು, ಖುಷಿಯಿಂದ, ಗುಟ್ಟು ಹೇಳುವವಳ ಹಾಗೆ: "ಕೇಳಿದ್ರಿಲ್ಲ? ಅಕ್ಕೋರ ಹೇಳ್ಯಾರ, ಪಕ್ಕಾ. ನಾ ನನ್ನ ಪುಸ್ತಕದಾಗ ಕೆಂಪ್ ಪೆನ್ನಿಲೆ ಸರಿ ಮಾಡಾಕತ್ತೀನಿ. ನೀವೂ ಮಾಡ್ಕೋರಿ."

ಭಾಗ್ಯಶ್ರೀ ಪುಸ್ತಕ ತೆರೆದು ತೋರಿಸಿದಳು. ಹೃದಯದ ಚಿತ್ರ. ಮೇಲ್ಗಡೆ, ಎರಡು ಶ್ವಾಸಕೋಶಗಳ ಕಡೆಗೆ ಕವಲೊಡೆದು ಹೋಗುವ ನಾಳ. ನೀಲಿಯ ಮೇಲೆ ಕೆಂಪು ಶಾಯಿ, ಗೆರೆ ದಾಟದಂತೆ, ಒತ್ತಿ ಒತ್ತಿ ಬಳಿದದ್ದು. ಶಬಾನಾಳ ಪುಸ್ತಕದಲ್ಲಿಯೂ ಅದೇ. ಒಳಗಿನ ನೀಲಿ ಇಣುಕಿ, ಆ ನಾಳ ಥೇಟ್ ಹೆಪ್ಪುಗಟ್ಟಿದ ರಕ್ತದ ಬಣ್ಣಕ್ಕೆ ತಿರುಗಿತ್ತು.

ಜೀವಶಾಸ್ತ್ರ ಮರೆತ ಓದುಗರಿಗಾಗಿ ಎರಡು ಮಾತು. ಹೃದಯದಿಂದ ಹೊರಡುವ ನಾಳ ಆರ್ಟರಿ, ಅಂದರೆ ಅಪಧಮನಿ. ಅದರಲ್ಲಿ ಸಾಮಾನ್ಯವಾಗಿ ಶುದ್ಧ ರಕ್ತ, ಚಿತ್ರದಲ್ಲಿ ಕೆಂಪು. ಒಂದೇ ಒಂದು ಅಪವಾದವೆಂದರೆ ಅಶುದ್ಧ ರಕ್ತವನ್ನು ಶ್ವಾಸಕೋಶಕ್ಕೆ ಒಯ್ಯುವ ಅಪಧಮನಿ, ಅದು ನೀಲಿ. ಪುಸ್ತಕದ ವಾಕ್ಯ ಅವಸರದ್ದು, ಚಿತ್ರ ಸರಿಯಾದದ್ದು. ಹದಿನಾಲ್ಕು ವರ್ಷದ ಹುಡುಗಿಗೆ ತಾನಾಗಿ ಆ ಸಂಶಯ ಬಂದಿತ್ತು. ಮೂವತ್ತೊಂದು ವರ್ಷದಲ್ಲಿ ಆ ಪ್ರಶ್ನೆಯನ್ನು ನನಗೆ ಕೇಳಿದ ಮಕ್ಕಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಹಾಗಾದರೆ ಆ ದಿನ ನಾನು ಹಾಗೇಕೆ ಹೇಳಿದೆ?

ಗಣಪತಿ ಹಬ್ಬದಲ್ಲಿ, ಬಿಲ್ಡಿಂಗಿನ ಹದಿನಾರು ಮನೆಯವರ ಎದುರಿಗೆ, ಪ್ರಸಾದದ ಸಾಲು ಸರಿಯಿಲ್ಲವೆಂದು ನಾನು ಹೇಳಿದಾಗ ರೇಣುಕಾಳ ತಾಯಿ ಶಾಂತವ್ವ ಪೊರಕೆ ಹಿಡಿದು ನಿಂತವಳು ಅಂದಿದ್ದಳು: "ಅಕ್ಕೋರು ಸಾಲಿ ಬಿಟ್ಟಾರ, ಸಾಲಿ ಅಕ್ಕೋರನ್ನ ಬಿಟ್ಟಿಲ್ಲ ನೋಡ್ರಿ!" (ಸಾಲಿ ಎಂದರೆ ಅವರ ಕಡೆ ಶಾಲೆ.) ಎಲ್ಲರೂ ನಕ್ಕರು. ಯಾರು ಯಾರು ಎಂದು ನಾನು ಈಗಲೂ ಹೆಸರು ಹಿಡಿದು ಹೇಳಬಲ್ಲೆ. ತಿಂಗಳೊಳಗೆ ಅವಳ ಮಗಳು ಬಾಗಿಲಿಗೆ ಬಂದಳು. ಮುಖ ನೋಡಿದೊಡನೆ ಆ ನಗು ಕಿವಿಗೆ ಬಂತು. ನಾನು ಜಾಲರಿಯ ಚಿಲಕ ಕೂಡ ತೆಗೆಯಲಿಲ್ಲ.

ಮುಂಬೈಯ ಮನೆಗಳಿಗೆ ಎರಡು ಬಾಗಿಲು. ಒಳಗಿನದು ಮರದ್ದು, ಹೊರಗಿನದು ಜಾಲರಿಯದು. ಕಳ್ಳರಿಗಾಗಿ ಮಾಡಿಸಿದ್ದು ಎನ್ನುತ್ತೇವೆ. ನಿಜ ಹೇಳಿ, ಜಾಲರಿಯ ಹಿಂದೆ ನಿಂತು ನಾವು ಕಳ್ಳರ ಜೊತೆ ಎಷ್ಟು ಸಲ ಮಾತಾಡಿದ್ದೇವೆ? ಪಕ್ಕದ ಮನೆಯವರ ಜೊತೆ ಎಷ್ಟು ಸಲ?

"ಅದು ತಪ್ಪು" ಎಂದೆ. "ಆ ನಾಳ ನೀಲಿಯೇ. ಕೆಂಪು ಬಳಿದರೆ ಅಂಕ ಹೋಗುತ್ತದೆ."

ಭಾಗ್ಯಶ್ರೀ ಫೋನನ್ನೂ ನನ್ನನ್ನೂ ನೋಡಿದಳು. "ಇದರಾಗೂ ನೀವ ಹೇಳೀರಿ, ಈಗೂ ನೀವ ಹೇಳಾಕತ್ತೀರಿ. ಯಾವ ಅಕ್ಕೋರನ್ನ ನಂಬೂದ್ರೀ?"

"ರೇಣು ಝೂಟ್ ನಹೀ ಬೋಲ್ತಿ" ಎಂದಳು ಶಬಾನಾ. ದನಿ ಏರಿಸಲಿಲ್ಲ. "ನಾ ಕೆಂಪೇ ಹಾಕ್ತೀನಿ."

"ಅವಳು ಸುಳ್ಳು ಹೇಳಲಿಲ್ಲ ಮಾರಾಯ್ತಿ. ಅವಳಿಗೆ ಹೇಳಿದ್ದು ತಪ್ಪು."

"ಅಂದ್ರ ಆವಾಗ ನಿಮಗ ಗೊತ್ತಿದ್ದಿಲ್ಲೇನ್ರೀ?"

ಸುಲಭದ ದಾರಿ ಎದುರಿಗೇ ಇತ್ತು. ವಯಸ್ಸು ಎಪ್ಪತ್ತೆರಡು, ಮರೆತಿದ್ದೆ ಎಂದರೆ ಯಾರು ಅನುಮಾನಿಸುತ್ತಾರೆ? ಆದರೆ ನಾನು ಏನನ್ನೂ ಮರೆಯುವುದಿಲ್ಲ ಎಂಬುದು ಇಡೀ ಬಿಲ್ಡಿಂಗಿಗೆ ಗೊತ್ತು. ನಾನೇ ಎಲ್ಲರಿಗೂ ಹೇಳಿಟ್ಟಿದ್ದೇನೆ.

"ಗೊತ್ತಿತ್ತು" ಎಂದೆ.

ಶಬಾನಾಳ ಸೂಜಿ ನಿಂತಿತು. "ಫಿರ್ ಕಾಯ್ಕು?" ಎಂದಳು. ಹಾಗಾದರೆ ಯಾಕೆ?

ಫೋನನ್ನು ಯಾರೂ ನಿಲ್ಲಿಸಿರಲಿಲ್ಲ. ಅಷ್ಟರಲ್ಲಿ ಅದು ತನ್ನ ಮುಂದಿನ ಪ್ರಶ್ನೆಯನ್ನು ಕೇಳಿಬಿಟ್ಟಿತು. ಟಕ್. ಟಕ್. ಟಕ್. ಟಕ್. ಟಕ್. ಉತ್ತರವನ್ನೂ ರೇಣುಕಾಳೇ ಕೊಟ್ಟುಕೊಂಡಳು. "ಶಾಬಾಸ್" ಎಂದಳು. ಯಾರಿಗೆ ಎಂದು ನಾನು ಕೇಳಿಕೊಳ್ಳಲಿಲ್ಲ.

ಕೊನೆಗೆ ಭಾಗ್ಯಶ್ರೀ ಅಂದಳು: "ಹಂಗಾರ ನೀವ ಗ್ರೂಪಿನ್ಯಾಗ ಹೇಳ್ರಿ. ರೇಣುಗೂ ಗೊತ್ತಾಗಲಿ." ಮಕ್ಕಳಾಟವೆಂದು ಬದಿಗೆ ತಳ್ಳಬಹುದಿತ್ತು. ಶಬಾನಾಳ ಮುಖ ನೋಡಿದೆ. ಅದು ಆಟವಾಗಿರಲಿಲ್ಲ.

ಫೋನನ್ನು ಬಾಯಿಯ ಹತ್ತಿರ ಹಿಡಿದೆ. "ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಯಾವ ರಕ್ತ?" ಎಂದೆ. ಬಡಿಯದೆ ಅಲ್ಲಿಗೇ ನಿಲ್ಲಿಸಿದ್ದಕ್ಕೆ ಇಬ್ಬರೂ ನನ್ನತ್ತ ಕಣ್ಣು ಬಿಟ್ಟರು. ಐದು ಸಲ ಬಡಿಯಬೇಕಂತೆ. ಬಡಿದೆ. "ಅಶುದ್ಧ ರಕ್ತ. ಅದೊಂದೇ ಅಪಧಮನಿಯ ಬಣ್ಣ ನೀಲಿ. ರೇಣುಕಾ, ನೀನು ಕೇಳಿದ ಸಂಶಯ ಸರಿಯಾಗಿತ್ತು. ನನಗೆ ಅವತ್ತೇ ಗೊತ್ತಿತ್ತು. ನಿನ್ನ ಅಮ್ಮನ ಮೇಲಿನ ಸಿಟ್ಟಿನಿಂದ ನಿನಗೆ ತಪ್ಪು ಹೇಳಿ ಕಳಿಸಿದೆ."

ಸಂದೇಶ ಹೋಯಿತು. ಪಕ್ಕದಲ್ಲಿ ಬೂದು ಬಣ್ಣದ ಒಂದೇ ಟಿಕ್ ಮೂಡಿತು.

"ಎರಡನೇದು ಬರಂಗಿಲ್ರೀ" ಎಂದಳು ಭಾಗ್ಯಶ್ರೀ. "ಗ್ರೂಪಿನ್ಯಾಗ ಎಲ್ಲಾರಿಗೂ ಮುಟ್ಟಿದ್ರ ಬರ್ತದ. ರೇಣುನ ಫೋನ್ ಬಂದ್ ಮಾಡಿ ಆಕಿ ಅವ್ವ ಟ್ರಂಕಿನ್ಯಾಗ ಇಟ್ಟಾಳ. ದೀಪಾವಳಿಯಿಂದ ಎಲ್ಲಾದಕ್ಕೂ ಒಂದ ಟಿಕ್."

ಸೋಮವಾರ ನಾಲ್ಕು ಗಂಟೆಗೆ ಬೆಲ್ ಆಯಿತು. ಈ ಸಲ ಜಾಲರಿಯನ್ನೂ ತೆರೆದೆ. ಇಬ್ಬರೂ ಯೂನಿಫಾರಂನಲ್ಲಿಯೇ ಇದ್ದರು. "ಬಂದಿತ್ರೀ ಹೃದಯದ ಚಿತ್ರ" ಎಂದಳು ಭಾಗ್ಯಶ್ರೀ. ನಾನು ಶಬಾನಾಳ ಕಡೆ ನೋಡಿದೆ.

"ನೀಲಿ ಹಾಕ್ದೆ" ಎಂದಳು. ನಗಲಿಲ್ಲ. ನನ್ನನ್ನು ಕ್ಷಮಿಸಿದ ಲಕ್ಷಣವೂ ಆ ಮುಖದಲ್ಲಿರಲಿಲ್ಲ. (ಕ್ಷಮಿಸದ ಮುಖ ಹೇಗಿರುತ್ತದೆಂದು ನನಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.) ಫಲಿತಾಂಶ ಇನ್ನೂ ಬಂದಿಲ್ಲ.

ಭಾಗ್ಯಶ್ರೀ ಹೋಗಲಿಲ್ಲ. ಫೋನನ್ನು ನನ್ನ ಮುಂದೆ ಚಾಚಿದಳು. ನನ್ನ ಸಂದೇಶದ ಪಕ್ಕದಲ್ಲಿ ಎರಡು ಟಿಕ್. ನೀಲಿ. ಕೆಳಗೆ, ಅದನ್ನು ಯಾರು ಯಾರು ಕೇಳಿದರು ಎಂಬ ಪಟ್ಟಿ. ಮೊದಲ ಹೆಸರು ಶಬಾನಾ.

ಎರಡನೆಯ ಹೆಸರು ರೇಣುಕಾ. ಹೊತ್ತು, ಆ ದಿನ ಬೆಳಿಗ್ಗೆ ಹತ್ತು ಗಂಟೆ ಐವತ್ತು ನಿಮಿಷ. ಪರೀಕ್ಷೆ ಆರಂಭವಾಗಿದ್ದು ಹನ್ನೊಂದಕ್ಕೆ.

ನೀವು ಹೇಳುವುದು ನನಗೆ ತಿಳಿದಿದೆ. ನಾನೂ ಅದನ್ನೇ ಹೇಳಿಕೊಂಡೆ. ಶಾಂತವ್ವ ಟ್ರಂಕು ತೆರೆದಿರಬೇಕು, ಫೋನನ್ನು ಚಾರ್ಜಿಗೆ ಹಾಕಿರಬೇಕು. ಇನ್ನೇನಿರಲು ಸಾಧ್ಯ? ಮಗಳ ದನಿ ಕೇಳಬೇಕೆನಿಸಿ ತೆರೆದಿರುತ್ತಾಳೆ. ತೆರೆದೊಡನೆ ಅವಳಿಗೆ ಕೇಳಿಸಿದ್ದು ನನ್ನ ದನಿ.

ಆ ಮೇಲೆ ಹದಿನೇಳು ದಿನವಾಯಿತು. ಫೋನ್ ಮತ್ತೆ ಬಂದ್ ಆಗಿದೆಯೆಂದು ಭಾಗ್ಯಶ್ರೀ ಹೇಳುತ್ತಾಳೆ. ಶಾಂತವ್ವ ಬೈದು ಒಂದು ಮಾತು ಕಳಿಸಲಿ. ಆ ಬೈಗುಳವೊಂದನ್ನು ನಾನು ನೆನಪಿಟ್ಟುಕೊಳ್ಳುವುದಿಲ್ಲ. ನಾಲ್ಕು ಗಂಟೆಗೆ ಮೆಟ್ಟಿಲ ಕಡೆ ಕಿವಿಯಿಟ್ಟು ಕೂರುತ್ತೇನೆ. ಪರೀಕ್ಷೆ ಮುಗಿಯಿತಲ್ಲ, ಹೊರಗೆ ಕುಕ್ಕರ್ ಕೂಗುವುದಿಲ್ಲ.

ಶಾಂತವ್ವನ ಉತ್ತರಕ್ಕಾಗಿ ಐದು ಎಣಿಸಿ ಎಷ್ಟೋ ಹೊತ್ತಾಯಿತು. ಇನ್ನು ಎಲ್ಲಿಯವರೆಗೆ ಎಣಿಸಲಿ?