ದುಂಬಿಯ ಮೀಸೆ, ದುಂಬಿಯ ಪಾದ

ಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಅಂಬರಿನ ತುಂಡುಗಳನ್ನು ಉಜ್ಜಿ ಹೊಳಪು ಕೊಡುವುದು ಆಕೆಯ ಕೆಲಸ. ಎಲ್ಲರೂ ಉಜ್ಜಮ್ಮ ಎನ್ನುತ್ತಿದ್ದರು. ಅಂಬರೆಂದರೆ ಯಾವುದೋ ಕಾಲದ ಮರದ ಅಂಟು ಗಟ್ಟಿಯಾಗಿ ಕಲ್ಲಿನಂತಾದದ್ದು. ಅದರೊಳಗೆ ಸಿಕ್ಕಿಬಿದ್ದ ದುಂಬಿಗಳನ್ನು ನೋಡಿ ಚಿತ್ರ ಬರೆಯುವವರು ಆಕೆಯ ಯಜಮಾನರು. ಒಂದೇ ಕೋಣೆ, ಎರಡು ಮೇಜು. ಮನೆಯಲ್ಲಿ ಮುಗಿಯದ ಜಗಳ ಇಲ್ಲಿ ಮುಂದುವರಿಯುತ್ತಿತ್ತು. ಇಲ್ಲಿಯದು ಮನೆಗೆ ಹೋಗುತ್ತಿತ್ತು.

ಉಜ್ಜುವ ಚಕ್ರಕ್ಕೆ ಹಿಡಿದ ತುಂಡನ್ನು ಆಗಾಗ ತೆಗೆದು ಕೆಳತುಟಿಗೆ ತಾಗಿಸುವುದು ಉಜ್ಜಮ್ಮನ ಅಭ್ಯಾಸ. ಬೆಚ್ಚಗಾಗಿದ್ದರೆ ಕೈ ನಿಲ್ಲಿಸಬೇಕು. ಬಿಸಿ ಏರಿದರೆ ಅಂಬರು ಬಿರುಕು ಬಿಡುತ್ತದೆ.

ಆ ಸಲ ಬಂದದ್ದು ಎಳ್ಳುಕಾಳಿನಷ್ಟು ದುಂಬಿ. ಅಂಥದ್ದು ಮತ್ತೊಂದು ಸಿಕ್ಕಿರಲಿಲ್ಲ. ಬೆನ್ನ ಮೇಲಿನ ಗಟ್ಟಿ ರೆಕ್ಕೆಗಳ ಗೀರುಗಳೂ ಸ್ಪಷ್ಟವಾಗಿದ್ದವು. ಆದರೆ ಸಂಗ್ರಹಾಲಯದಲ್ಲಿ ಕೀಟಗಳ ಅಧ್ಯಯನ ಮಾಡುವ ಮೇಡಂಗೆ ಬೇಕಾದದ್ದು ಪಾದ. ಅದರ ಉಗುರು ಒಂಟಿಯೋ ಸೀಳಿದ್ದೋ ತಿಳಿದರೆ ದುಂಬಿ ಯಾವ ಮನೆತನದ್ದೆಂದು ತಿಳಿಯುತ್ತಿತ್ತು. ಹೊಟ್ಟೆಯ ಕಡೆಯೆಲ್ಲ ಹಾಲಿನಂಥ ಪೊರೆ. ಮುಂದಿನ ಒಂದು ಪಾದ ಮಾತ್ರ ಮಬ್ಬಾಗಿ ಕಾಣುತ್ತಿತ್ತು. ಅದಕ್ಕೆ ಅಡ್ಡವಾಗಿ, ಮೇಲ್ಮೈಗೆ ಕೂದಲೆಳೆಯಷ್ಟು ಹತ್ತಿರದಲ್ಲಿ, ಚಾಚಿದ ಮೀಸೆ.

“ಇನ್ನೊಂಚೂರು ಉಜ್ಜೇ, ಪಾದ ಕಾಣುತ್ತೆ,” ಎಂದರು ಯಜಮಾನರು.

“ಮೀಸೆ ಹೋಗುತ್ತೆ ರೀ.”

“ಇನ್ನೊಂದು ಮೀಸೆ ಇದೆಯಲ್ಲ?”

“ಅದು ಗಾಳಿಗುಳ್ಳೆ ಹಿಂದೆ ಅಡಗಿದೆ. ನಿಮ್ಮದಾದ್ರೆ ಬೋಳಿಸಿದ್ರೂ ಮತ್ತೆ ಬರುತ್ತೆ. ಇದರದ್ದು ಬರುತ್ತಾ?”

“ಮೇಡಂಗೆ ಏನು ಹೇಳ್ಲಿ ಹಾಗಾದ್ರೆ?”

“ಬಾಯಿಗೆ ಬೀಗ ಹಾಕ್ಕೊಂಡು ಸ್ವಲ್ಪ ಹೊತ್ತು ಕೂತ್ಕೊಳ್ಳಿ.”

ಆಕೆ ತುಂಡನ್ನು ನೀರಿನ ಬಟ್ಟಲಲ್ಲಿ ಮುಳುಗಿಸಿ, ಭೂತಗನ್ನಡಿ ಹಿಡಿದು, ಮೆಲ್ಲಗೆ ಹೊರಳಿಸುತ್ತ ಹೋದಳು. ಬಲಗಡೆಯಿಂದ, ರೆಕ್ಕೆಯ ಅಂಚಿನ ಕೆಳಗೆ, ಪೊರೆಯಿಲ್ಲದ ಒಂದು ಸಂದಿ ಇತ್ತು. ಅಲ್ಲಿ ಓರೆಯಾಗಿ ಉಜ್ಜಿದರೆ ಮೀಸೆ ಉಳಿಯುತ್ತಿತ್ತು. ರೆಕ್ಕೆಯ ಅಂಚಿನ ಬಗ್ಗೆ ಮಾತ್ರ ಭರವಸೆ ಇರಲಿಲ್ಲ.

ಚಕ್ರವನ್ನು ನಿಲ್ಲಿಸಿ ಒದ್ದೆ ಚರ್ಮದ ಮೇಲೆ ಬರಿಗೈಯಲ್ಲೇ ಉಜ್ಜಿದಳು. ಉಜ್ಜುವುದು, ತುಟಿಗೆ ತಾಗಿಸುವುದು, ನೋಡುವುದು. ಮಧ್ಯಾಹ್ನದ ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು. ಸಂಜೆಯ ಹೊತ್ತಿಗೆ ಪಾದ ತಿಳಿಯಾಯಿತು. ಉಗುರು ಸೀಳಿತ್ತು. ಮೀಸೆ ಇದ್ದಲ್ಲೇ ಇತ್ತು.

ಯಜಮಾನರು ಸೂಕ್ಷ್ಮದರ್ಶಕದಿಂದ ತಲೆಯೆತ್ತಲಿಲ್ಲ. “ರೆಕ್ಕೆ ಅಂಚು ಚೂರು ಹೋಯ್ತಲ್ಲೇ. ನಾನು ತುಂಬಿಸಿ ಬರೀಲಾ? ಯಾರಿಗೆ ಗೊತ್ತಾಗುತ್ತೆ?”

“ಹೋದದ್ದನ್ನ ಹೋದ ಹಾಗೇ ಬರೀರಿ.”

ಹಾಗೇ ಬರೆದರು. ಮರುದಿನ ಚಿತ್ರ ಕಂಡ ಮೇಡಂ ಉಗುರನ್ನು ಬಹಳ ಹೊತ್ತು ನೋಡಿ, ಆಮೇಲೆ ಅಂಚಿನ ಮೇಲೆ ಬೆರಳಿಟ್ಟರು.

“ಇದು ಹುಟ್ಟಿನಿಂದಲೇ ಹೀಗಾ?”

“ಇಲ್ಲ ಮೇಡಂ, ಅದು ನನ್ನ ಕೈಯಿಂದ ಹೋದದ್ದು,” ಎಂದಳು ಉಜ್ಜಮ್ಮ, ಊಟದ ಡಬ್ಬಿ ತೊಳೆಯುತ್ತ.

ಮೇಡಂ ಚಿತ್ರದ ಕೆಳಗೆ ಅದನ್ನೂ ಬರೆದುಕೊಂಡರು.