ಚೀಟಿಯಮ್ಮ ಮಾತು ಬಿಟ್ಟ ಎಂಟು ತಿಂಗಳು

"ಆ ಮನೇಲಿ ಗಂಡ ಹೆಂಡತಿ ಮುಖ ಕೊಟ್ಟು ಮಾತಾಡಲ್ಲ ಕಣ್ರೀ. ಬಾಗಿಲ ಸಂದೀಲಿ ಚೀಟಿ ತೂರಿಸ್ಕೋತಾರೆ!" ಎಂದು ಎದುರುಮನೆ ಅಜ್ಜಿ ಬೀದಿಗೆಲ್ಲ ಡಂಗುರ ಸಾರಿದ್ದರು. ಅಂದಿನಿಂದ ಆ ಮನೆಯ ಹೆಂಡತಿ ಬೀದಿಗೆಲ್ಲ ಚೀಟಿಯಮ್ಮ.

ಜಗಳವೇನೂ ಇರಲಿಲ್ಲ. ಅಂಧಮಕ್ಕಳ ಶಾಲೆಯವರು ಪಾಠಗಳನ್ನು ಓದಿ ತುಂಬಿಸುತ್ತಿದ್ದುದು ಅಳಿಸಿ ಮತ್ತೆ ಬರೆಯಬಹುದಾದ ಡಿಸ್ಕುಗಳಲ್ಲಿ. ಅದಕ್ಕೆ ಬೇಕಾದ ತಂತ್ರಾಂಶ ಒಂದೇ ಕಂಪನಿಯದು. ಶಾಲೆಯ ಹಳೇ ಕಂಪ್ಯೂಟರಿಗೆ ಅದು ಒಗ್ಗದು. ಯಾರು ಬೇಕಾದರೂ ಬಿಚ್ಚಿ ನೋಡಿ, ತಿದ್ದಿ ಬಳಸುವಂಥ ಮುಕ್ತ ತಂತ್ರಾಂಶವನ್ನು ತಾನೇ ಬರೆಯುತ್ತೇನೆಂದು, ಅದೇ ಕಸುಬಿನ ಚೀಟಿಯಮ್ಮ ಸೆರಗು ಸಿಕ್ಕಿಸಿ ನಿಂತಳು. ಆದರೆ ಕಂಪನಿಯ ಕೈಪಿಡಿಯ ಒಂದು ಸಾಲು ಅವಳ ಕಣ್ಣಿಗೆ ಬಿದ್ದರೂ ನಕಲಿನ ಆರೋಪ ಕಟ್ಟಿಟ್ಟ ಬುತ್ತಿ. ಹಾಗಾಗಿ ಗಂಡ ಅಡುಗೆಮನೆಯಲ್ಲಿ ಕೂತು ಕೈಪಿಡಿ ಓದಿ, ಅದರ ಸಾಲು ಬಾಯಿತಪ್ಪಿಯೂ ಬರಬಾರದೆಂದು ಮಾತು ಬಿಟ್ಟು, ತಂತ್ರಾಂಶ ಏನು ಮಾಡಬೇಕೆಂಬುದನ್ನಷ್ಟೇ ತನ್ನ ಮಾತಿನಲ್ಲಿ ಬರೆದು ತೂರಿಸುತ್ತಿದ್ದ; ಹೇಗೆಂಬುದನ್ನು ಅವಳು ಒಳಕೋಣೆಯಲ್ಲಿ ಹುಡುಕಿಕೊಳ್ಳುತ್ತಿದ್ದಳು.

ಒಮ್ಮೆ ಅವನು ಮೈಮರೆತು ಕೈಪಿಡಿಯ ಸಾಲನ್ನೇ ಇಳಿಸಿ ತೂರಿಸಿಬಿಟ್ಟ. ಬಿಚ್ಚಬೇಡವೆಂದು ತಕ್ಷಣ ಬಾಗಿಲು ಬಡಿದ. ಅವಳು ಮಡಿಕೆ ಬಿಚ್ಚದೆ ಅದನ್ನು ಲಕೋಟೆಗೆ ಹಾಕಿ, ಅಂಟಿಸಿ, ತಾರೀಖು ಬರೆದಿಟ್ಟಳು.

ಎಂಟು ತಿಂಗಳಿಗೆ ತಂತ್ರಾಂಶ ಮುಗಿದು ಶಾಲೆ ಸೇರಿತು. ಆದರೂ ಅದು ಕದ್ದದ್ದೆಂದು ಕಂಪನಿಯ ನೋಟಿಸು ಬಂದೇ ಬಂತು. ಆಮೇಲೆ ಕೇಸು.

"ತಂತ್ರಾಂಶ ಹಿಂದಕ್ಕೆ ತಗೋತೀವಿ ಅಂತ ಸಹಿ ಹಾಕ್ಬಿಡಿ ತಾಯಿ. ಆನೆ ಜೊತೆ ಗುದ್ದಾಟ ಯಾಕೆ?" ಎಂದರು ಅವಳ ವಕೀಲರು.

"ಹಾಕಿದ್ರೆ ಆ ಮಕ್ಕಳ ಪಾಠ ನಿಂತುಹೋಗುತ್ತೆ. ನಾನು ಕದ್ದಿಲ್ಲ ಸಾರ್. ಹಾಕಲ್ಲ."

"ಚೀಟಿಗಳನ್ನ ನಿನ್ನೆ ಕೂತು ಬರೆದ್ರಿ ಅಂತಾರೆ ಕಂಪನಿಯವರು. ನೋಡಿದೋರು ಯಾರಾದ್ರೂ ಇದ್ದಾರಾ?"

ಚೀಟಿಯಮ್ಮ ನೆಟ್ಟಗೆ ಎದುರುಮನೆಗೆ ನಡೆದಳು. "ಅಜ್ಜಿ, ನಮ್ಮ ಬಗ್ಗೆ ಬೀದೀಲಿ ಹೇಳಿದ್ದನ್ನ ಕೋರ್ಟಲ್ಲೂ ಹೇಳ್ತೀರಾ?"

ಅಜ್ಜಿ ಪೆಚ್ಚಾದರು. ಆಮೇಲೆ ನಕ್ಕರು. "ಬೈಯೋಕೆ ಬಂದೆ ಅನ್ಕೊಂಡೆ ಕಣೆ. ಎಂಟು ತಿಂಗಳು ಕಿಟಕೀಲಿ ನಿಂತು ನೋಡಿದೀನಿ, ಒಂದು ದಿನಾನೂ ತಪ್ಪಿಸಿಲ್ಲ!"

ಅಜ್ಜಿ ಸಾಕ್ಷಿ ಹೇಳಿದರು, ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದರು. ಅಂಟು ಬಿಡದೆ ಹಾಗೇ ಇದ್ದ ಲಕೋಟೆಯನ್ನು ನ್ಯಾಯಾಧೀಶರೇ ಒಡೆದರು. ಇನ್ನು ಉಳಿದದ್ದು ತೀರ್ಪು.

ತೀರ್ಪಿನ ದಿನ ಬೆಳಿಗ್ಗೆ ಗಂಡ ಕೇಳಿದ, "ಸೋತ್ರೆ ಏನ್ಮಾಡ್ತೀಯೇ?"

"ಮೇಲಿನ ಕೋರ್ಟಿದೆ. ನನ್ನ ಚಪ್ಪಲಿ ಇನ್ನೂ ಗಟ್ಟಿಯಾಗಿದೆ."

ಚೀಟಿಗಳ ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು, ಅಜ್ಜಿಯ ಕೈಹಿಡಿದು ಹೊರಟಳು. ತೀರ್ಪು ಅವಳ ಕಡೆಗೇ ಬಂತು; ಚಪ್ಪಲಿ ಸವೆಸುವ ಪ್ರಸಂಗ ಬರಲಿಲ್ಲ. ಕೋರ್ಟಿಗೆಂದು ಅವಳು ಮನೆಯ ಹೊಸಿಲು ದಾಟಿದ್ದು ಅದೇ ಕೊನೆ.